ಮೊದಲು ಶೆಡ್ ತೋರಿಸಿ

ಮೇ 4, ಭಾನುವಾರ

ಗಡಿ ದಾಟಿದೆವು. ಪರದೇಶದ ಮೊದಲ ದಿನ ಹೀಗಿತ್ತು ಎಂದು ಬರೆಯಲು ಏನೇನೋ ಇತ್ತು. ಈಗ ತಲೆಯಲ್ಲಿರುವುದು ಒಂದೇ: ಈ ಕೋಣೆಯ ಪೇಂಟ್ ವಾಸನೆ. ಮಂಚ ಗೋಡೆಗೆ ಒರಗಿ ನಿಂತಿದೆ, ಒರಗದಿದ್ದರೆ ಬೀಳುತ್ತದೆ. ಕಿಟಕಿ ತೆರೆದರೆ ಎದುರಿಗೆ ಶೆಡ್ಡು. ಸಿಮೆಂಟ್ ನೆಲ, ಹೊಸ ತಗಡಿನ ಸೂರು, ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ನಮ್ಮ ಎರಡು ಬೈಕುಗಳು ಅಲ್ಲಿ ಬೀಗರ ಹಾಗೆ ಆರಾಮವಾಗಿವೆ.

ಇದಕ್ಕೂ ಮೊದಲು ರಾತ್ರಿ ತಂಗಲು ಒಂದು ಮನೆ ನೋಡಿದ್ದೆವು. ಬಾಲ್ಕನಿ ಇತ್ತು, ಬಿಳಿ ಹೊದಿಕೆ ಇತ್ತು, ಬಿಸಿನೀರನ್ನು ನಾನೇ ಬಿಟ್ಟು ನೋಡಿದೆ. ಅತ್ತೆ ಮೆಟ್ಟಿಲನ್ನೂ ಹತ್ತಲಿಲ್ಲ. ಗಾಡಿ ಎಲ್ಲಿ ನಿಲ್ಲಿಸೋದು ಎಂದು ಮನೆಯವಳನ್ನು ಕೈಸನ್ನೆಯಲ್ಲಿ ಕೇಳಿದರು. ಅವಳು ರಸ್ತೆಯ ಬದಿ ತೋರಿಸಿದಳು. ಅತ್ತೆ ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಂಡರು, ಮುಗಿಯಿತು. ಆ ಮನೆಯ ಬಾಗಿಲಿನ ಮೇಲೆ ಬೈಕಿನ ಚಿತ್ರ ಬರೆದು 'ಸವಾರರಿಗೆ ಸ್ವಾಗತ' ಎಂದು ಫಲಕ ಹಾಕಿದ್ದರು. ಅತ್ತೆಯ ಪ್ರಕಾರ ಇಂಥವರು ಸವಾರರನ್ನಷ್ಟೇ ಕರೆಯುತ್ತಾರೆ, ಗಾಡಿಯನ್ನು ಕರೆಯುವುದಿಲ್ಲ.

ಆಸ್ಪತ್ರೆಯ ದೂರು ಕೌಂಟರಿನಲ್ಲಿ ಕೂತು ದಿನವಿಡೀ ಕಂಡವರ ಕೋಪವನ್ನು ನಗುನಗುತ್ತ ಕೇಳುವ ಕೆಲಸ ನನ್ನದು. ನನ್ನ ಕೋಪ ಕೇಳಲು ಯಾವ ಕೌಂಟರೂ ಇಲ್ಲ. ಅದಕ್ಕೇ ಈ ಡೈರಿ.

ಮೊದಲ ದೂರು ಗಂಡನ ಮೇಲೆ. ಈ ಬೈಕ್ ಪ್ರವಾಸಕ್ಕೆ ಮೂವರು ಹೊರಡಬೇಕಿತ್ತು: ಮಹಾಶಯರು, ಅವರ ಅಮ್ಮ, ನಾನು. ಕಾಗದಪತ್ರವೆಲ್ಲ ಆದ ಮೇಲೆ, ಇನ್ನೇನು ಹೊರಡಬೇಕು ಎನ್ನುವಾಗ ಆಫೀಸಿನಲ್ಲಿ ಆಡಿಟ್ ಬಂತಂತೆ. ನೀವಿಬ್ಬರೇ ಹೋಗಿಬನ್ನಿ, ಒಳ್ಳೆಯದೇ ಆಯಿತು, ಹತ್ತಿರವಾಗುತ್ತೀರಿ ಎಂದರು. ಹಾವನ್ನೂ ಮುಂಗುಸಿಯನ್ನೂ ಒಂದೇ ಬುಟ್ಟಿಗೆ ಹಾಕಿ ಮುಚ್ಚಳ ಹಾಕಿದ ಹಾಗೆ.

ಅತ್ತೆಗೆ ಅರವತ್ತೇಳು. ಮೂವತ್ತು ವರ್ಷ ಹೆಂಗಸರಿಗಾಗಿಯೇ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಊರಿನ ಅರ್ಧ ಹೆಂಗಸರು ಅವರ ಕೈಯಲ್ಲೇ ಗಾಡಿ ಕಲಿತವರು. ನಾನು ಮಾತ್ರ ಹಟಕ್ಕೆ ಬಿದ್ದು ಬೇರೆ ಕಡೆ ಕಲಿತೆ, ಅದೂ ಹೋದ ವರ್ಷ. ಅತ್ತೆಯ ಬೈಕು ನನ್ನದಕ್ಕಿಂತ ಭಾರ, ಅತ್ತೆಯ ಮಾತಿನ ಹಾಗೆ.

ಇನ್ನೊಂದು ವಿಷಯ ಗುಟ್ಟಿನದು. ಹೊರಡುವ ಹಿಂದಿನ ದಿನ ಮಹಾಶಯರು ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ಅಮ್ಮ ಇನ್ನೂ ಓಡಿಸಬಹುದಾ ಇಲ್ವಾ ಅಂತ ಸರಿಯಾಗಿ ನೋಡ್ಕೊಂಡು ಬಾ. ಆಗಲ್ಲ ಅಂತ ನೀನು ಅಂದ್ರೆ, ವಾಪಸ್ ಬಂದ ತಕ್ಷಣ ಆ ಗಾಡಿ ಮಾರಿಬಿಡ್ತೀನಿ." ಗಾಡಿ ಹೇಗೂ ಅವರ ಹೆಸರಿನಲ್ಲೇ ಇದೆ. ನಾನು ದಿನಾ ಫೋನಿನಲ್ಲಿ ವರದಿ ಒಪ್ಪಿಸಬೇಕು. ಒಪ್ಪಿದೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಒಪ್ಪಿದೆ. ಆ ಗಾಡಿ ಹೋದರೆ ನಮ್ಮ ಗೇಟಿನೊಳಗೆ ನನ್ನದಕ್ಕೂ ಜಾಗವಾಗುತ್ತದೆ. ಈಗ ನನ್ನ ಬೈಕು ಬೀದಿಯಲ್ಲಿ ನೆನೆಯುತ್ತದೆ.

ಮೇ 5, ಸೋಮವಾರ

ಇವತ್ತೂ ಅದೇ ಗೋಳು. ಒಂದು ಮನೆಯ ಶೆಡ್ಡಿಗೆ ಬೀಗವಿಲ್ಲ. ಇನ್ನೊಂದರಲ್ಲಿ ಬೀಗವಿದೆ, ಆದರೆ ಬೀಗದಕೈ ಮನೆಯವನ ತಮ್ಮನ ಹತ್ತಿರ, ಅವನು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೋ ಯಾರಿಗೂ ಗೊತ್ತಿಲ್ಲ. ಮೂರನೆಯ ಮನೆಗೆ ನಾನು ಇಳಿಯಲೇ ಇಲ್ಲ, ರಸ್ತೆಯಲ್ಲೇ ಗಾಡಿಯ ಮೇಲೆ ಕೂತಿದ್ದೆ. ಅತ್ತೆ ಎಲ್ಲಿ ಹೋದರೂ ಮೊದಲ ಮಾತು "ಮೊದಲು ಶೆಡ್ ತೋರಿಸಿ". ಅದನ್ನು ಇಲ್ಲಿನ ಭಾಷೆಯಲ್ಲೇ ಕಲಿತುಬಿಟ್ಟಿದ್ದಾರೆ. ನಮಸ್ಕಾರ ಹೇಳಲು ಇನ್ನೂ ಬರುವುದಿಲ್ಲ.

ಮಹಾಶಯರ ಫೋನು ಬಂತು. ಊರಿನ ಗಡಿಯಾರ ಇಲ್ಲಿಗಿಂತ ಒಂದೆರಡು ಗಂಟೆ ಹಿಂದೆ. ಅಮ್ಮ ಹೇಗೆ ಓಡಿಸುತ್ತಾರೆ ಎಂದು ಕೇಳಿದರು. ಓಡಿಸುವುದು ಇರಲಿ, ನಿಲ್ಲಿಸುವುದರಲ್ಲೇ ನನ್ನ ಜೀವ ತಿನ್ನುತ್ತಿದ್ದಾರೆ ಎಂದೆ. ನಕ್ಕರು. ನಗುವುದಕ್ಕೇನು, ಅಲ್ಲಿ ಕೂತಿದ್ದಾರೆ.

ಮೇ 7, ಬುಧವಾರ

ಇವತ್ತಿನ ಮನೆ ನನ್ನ ಆಯ್ಕೆ. ಜಗಳವಾಡಿ ಗೆದ್ದದ್ದು. ಹೂವಿನ ಬಳ್ಳಿಯ ಗೇಟು, ಒಳಗೆ ದೊಡ್ಡ ಅಂಗಳ, ಅಂಗಳ ತುಂಬ ದುಂಡನೆಯ ಜಲ್ಲಿಕಲ್ಲು. ಅತ್ತೆ ಗೇಟಿನಲ್ಲೇ ನಿಂತು ನೆಲ ನೋಡಿದರು. ಜಲ್ಲಿ ಬೇಡ, ಮುಂದೆ ಹೋಗೋಣ ಎಂದರು. ನನಗೆ ರೇಗಿತು. ನಾವು ಜಲ್ಲಿಯ ಮೇಲೆ ಮಲಗುವುದಿಲ್ಲ, ಹಾಸಿಗೆಯ ಮೇಲೆ ಮಲಗುತ್ತೇವೆ ಎಂದು ಹೇಳಿ ನಾನೇ ಗಾಡಿ ಒಳಗೆ ನುಗ್ಗಿಸಿದೆ.

ಅತ್ತೆ ಹಿಂದೆಯೇ ಬಂದರು. ನಿಲ್ಲಿಸಿ ಕಾಲು ಊರಿದಾಗ ಕಲ್ಲು ಜಾರಿತು. ಗಾಡಿ ನಿಧಾನವಾಗಿ, ಎಮ್ಮೆ ಮಲಗುವ ಹಾಗೆ, ಎಡಕ್ಕೆ ಮಲಗಿತು. ಅತ್ತೆ ಪಕ್ಕಕ್ಕೆ ಸರಿದು ನಿಂತರು, ಏನೂ ಆಗಲಿಲ್ಲ. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು ಎತ್ತಲು ನೋಡಿದರು. ಹೀಗೆ ಎತ್ತುವುದನ್ನು ಅವರು ನೂರಾರು ಹುಡುಗಿಯರಿಗೆ ಕಲಿಸಿದ್ದಾರಂತೆ. ಏಳಲಿಲ್ಲ. ನಾನು ನನ್ನ ಗಾಡಿಗೆ ಸ್ಟ್ಯಾಂಡ್ ಹಾಕಲು ಗಟ್ಟಿ ನೆಲ ಹುಡುಕುತ್ತಿದ್ದೆ. ಅಷ್ಟರಲ್ಲಿ ಮನೆಯೊಡತಿ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ಒಂದು ಕಡೆ ಹಿಡಿದಳು.

"ಜಲ್ಲಿ ಮೇಲೆ ಬರಬಾರದಿತ್ತು, ನಂದೇ ತಪ್ಪು" ಎಂದರು ಅತ್ತೆ. ನನ್ನ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೆ ನಾಲ್ಕು ಮಾತು ನಾನೂ ಆಡಬಹುದಿತ್ತು. ಹೀಗೆ ತಪ್ಪನ್ನೆಲ್ಲ ಗುಡಿಸಿ ತಮ್ಮ ಕಡೆ ಎಳೆದುಕೊಂಡು ದೊಡ್ಡವರಾಗುವ ಇವರ ಈ ಚಾಳಿಯೇ ನನಗೆ ಆಗದು.

ಫೋನಿನಲ್ಲಿ ಎಲ್ಲ ಹೇಳಿದೆ. ಬಿತ್ತು, ಎತ್ತಲಾಗಲಿಲ್ಲ, ಊರವರು ಬಂದರು ಎಂದು ಸ್ವಲ್ಪ ಒಗ್ಗರಣೆ ಹಾಕಿಯೇ ಹೇಳಿದೆ. ಒಬ್ಬಳು ಬಂದದ್ದು ಊರವರು ಆಯಿತು. ಮಹಾಶಯರು ದೊಡ್ಡ ಉಸಿರು ಬಿಟ್ಟು, ನಾನು ಅಂದುಕೊಂಡಿದ್ದೆ, ಯಾರಿಗಾದರೂ ಹೇಳಿಡುತ್ತೇನೆ ಎಂದರು. ಗಾಡಿ ಕೊಳ್ಳುವವರಿಗೆ.

ಹಾಸಿಗೆ ಮಾತ್ರ ಚೆನ್ನಾಗಿದೆ.

ಮೇ 8, ಗುರುವಾರ

ಮಾತಿಲ್ಲ. ಹೆಲ್ಮೆಟ್ ಒಂದು ವರ.

ಮೇ 10, ಶನಿವಾರ

ಇವತ್ತು ನನ್ನ ಮೇಲೆಯೇ ನನಗೆ ಸಿಟ್ಟು, ಆದರೆ ಅದರ ಅರ್ಧ ಅತ್ತೆಗೂ ಸೇರಬೇಕು.

ನಿನ್ನೆ ಉಳಿದ ಮನೆ ಇಳಿಜಾರಿನಲ್ಲಿತ್ತು. ಗೇಟಿನಿಂದ ಅಂಗಳ ಕೆಳಗಿಳಿದು ಹೋಗಿ ಒಂದು ಗೋಡೆಗೆ ತಾಗುತ್ತದೆ. ನಾನು ಮುಂದೆ ಇದ್ದೆ, ಸರ್ರನೆ ಇಳಿದು ಗೋಡೆಗೆ ಮೂತಿ ಇಟ್ಟು ನಿಲ್ಲಿಸಿದೆ. ಅತ್ತೆ ಮೇಲಿನಿಂದ, ತಿರುಗಿಸಿ ಹಿಂದಿನಿಂದ ಇಳಿಸು, ಮೂತಿ ಗೇಟಿನ ಕಡೆ ಇರಲಿ ಎಂದು ಕೂಗಿದರು. ನಾಳಿನದು ನಾಳೆ ಎಂದೆ. ನನ್ನ ಗಾಡಿ ಅಡ್ಡ ನಿಂತ ಮೇಲೆ ತಿರುಗಿಸಲು ಅವರಿಗೂ ಜಾಗ ಉಳಿಯಲಿಲ್ಲ. ಅವರದೂ ಮೂತಿ ಕೆಳಗೆ.

ಬೆಳಿಗ್ಗೆ ನೋಡಿದರೆ ಎರಡೂ ಗಾಡಿ ಗೋಡೆಗೆ ಮುಖ ಮಾಡಿ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಕ್ಕಳಂತೆ ನಿಂತಿವೆ. ಬೈಕಿಗೆ ರಿವರ್ಸ್ ಗೇರ್ ಇಲ್ಲ ಎನ್ನುವುದು ನನಗೆ ಗೊತ್ತಿತ್ತು, ಆದರೆ ಗೊತ್ತಾದದ್ದು ಇವತ್ತು. ಏರಿನ ಮೇಲೆ ಹಿಂದಕ್ಕೆ ಎಳೆಯಬೇಕು. ನನ್ನದನ್ನು ಇಬ್ಬರೂ ಸೇರಿ ಎಳೆದೆವು. ಆಗ ನೋಡಿದೆ, ಅತ್ತೆ ಬಲಗೈಯಲ್ಲಿ ಮಾತ್ರ ಎಳೆಯುತ್ತಿದ್ದರು. ಎಡಗೈ ಗಾಡಿಯ ಮೇಲಿತ್ತು, ಕೆಲಸ ಮಾಡುತ್ತಿರಲಿಲ್ಲ. ಅವರ ಗಾಡಿ ಒಂದು ಗೇಣೂ ಅಲ್ಲಾಡಲಿಲ್ಲ. ಬ್ರೆಡ್ಡು ತಂದವನೂ ಮನೆಯವನೂ ಅವನ ಭಾವನೂ ಸೇರಿ ಎಳೆದರು. ಮೂವರೂ ನಗುತ್ತಿದ್ದರು. ನಗಲಿ.

ಅತ್ತೆ ಕೈಗವಸು ಹಾಕಿಕೊಳ್ಳುತ್ತ ಒಂದೇ ಮಾತು ಹೇಳಿದರು. "ಸಂಜೆ ನಿಲ್ಲಿಸುವಾಗಲೇ ಬೆಳಿಗ್ಗೆ ಹೊರಟಿರಬೇಕು."

ಇಂಥ ಗಾದೆಗಳನ್ನು ಮೊದಲೇ ಹೇಳಬಾರದೇ? ಮೊದಲೇ ಹೇಳಿದರು ಎನ್ನುವುದೂ ನಿಜ. ಅದೇ ಇನ್ನೂ ಸಿಟ್ಟು.

ವರದಿ ಕೇಳಿದಾಗ ಎಲ್ಲ ಮಾಮೂಲು ಎಂದೆ. ಅತ್ತೆಯ ಎಡಭುಜದ ವಿಷಯ ಹೇಳಲಿಲ್ಲ. ಅದು ನೋವೋ ಸುಸ್ತೋ ಸರಿಯಾಗಿ ಗೊತ್ತಿಲ್ಲದೆ ಏನು ಹೇಳುವುದು.

ಮೇ 12, ಸೋಮವಾರ

ನಾನು ಬಿದ್ದೆ. ಬಿದ್ದೆ ಎಂದರೆ ರಸ್ತೆ ಬೀಳಿಸಿತು. ತಿರುವಿನಲ್ಲಿ ಬಿರುಕಿಗೆ ಡಾಂಬರು ತುಂಬಿದ್ದರು, ಮಳೆ ಬಂದು ಅದು ಎಣ್ಣೆ ಸುರಿದ ಹಾಗಿತ್ತು. ಮುಂದೆ ಒಂದು ಲಾರಿ ಬೇರೆ. ಬ್ರೇಕ್ ಹಿಡಿದೆ. ಹಿಡಿಯದೆ ಇನ್ನೇನು, ಪೂಜೆ ಮಾಡಬೇಕಿತ್ತೇ? ಗಾಡಿ ಒಂದು ಕಡೆ, ನಾನು ಒಂದು ಕಡೆ. ಮೊಣಕಾಲು ತರಚಿದೆ, ಊದಿದೆ, ಮುರಿದಿಲ್ಲ.

ಅತ್ತೆ ಹಿಂದಿದ್ದರು. ತಮ್ಮ ಗಾಡಿಯನ್ನು ತಿರುವಿನ ಆಚೆ, ಬರುವವರಿಗೆ ಕಾಣುವ ಹಾಗೆ ನಿಲ್ಲಿಸಿ ದೀಪ ಮಿನುಗಿಸಿ ಓಡಿ ಬಂದರು. ನಾನು ಗಾಡಿಯ ಕಡೆ ತೆವಳುತ್ತಿದ್ದೆ. "ಮೊದಲು ನೀನು ಎದ್ದು ಬಾ, ಗಾಡಿ ಆಮೇಲೆ" ಎಂದರು. ಶೆಡ್ಡು ನೋಡದೆ ಮನೆಯೊಳಗೆ ಕಾಲಿಡದ ಹೆಂಗಸು. ರಸ್ತೆಯ ಬದಿ ಕೂರಿಸಿ, ನೀರು ಕುಡಿಸಿ, ಬೆರಳು ಮಡಚು ಬಿಡಿಸು ಎಂದು ಎಲ್ಲ ನೋಡಿದರು. ಬ್ರೇಕ್ ಯಾಕೆ ಹಿಡಿದೆ ಎಂದು ಕೇಳಲಿಲ್ಲ. ಕೇಳಲಿ ಎಂದು ಕಾದೆ. ಲಾರಿಯ ಉತ್ತರ ಸಿದ್ಧವಾಗಿತ್ತು.

ಸಂಜೆ ಮಹಾಶಯರ ಕರೆ ಮೊದಲು ಅತ್ತೆಯ ಫೋನಿಗೆ ಬಂತು. ಅವರು ಹೊರಗೆ ಹೋಗಿ ಮಾತಾಡಿದರು. ಸರಿ, ನಾನು ಬಿದ್ದ ಕಥೆ ಈಗ ಮೆರವಣಿಗೆ ಹೊರಡುತ್ತದೆ ಎಂದುಕೊಂಡು ಹಲ್ಲು ಕಚ್ಚಿ ಕಾದೆ. ಆಮೇಲೆ ನನಗೆ ಕರೆ ಬಂತು. ಅಮ್ಮ ಹೇಗೆ ಓಡಿಸಿದರು ಎಂದು ಕೇಳಿದರು, ಅಷ್ಟೇ. ನನ್ನ ಮೊಣಕಾಲಿನ ಸುದ್ದಿಯೇ ಇಲ್ಲ. ನೆಟ್‌ವರ್ಕ್ ಸರಿಯಿರಲಿಲ್ಲವೇನೋ, ಪೂರ್ತಿ ಕೇಳಿಸಿರಲಿಕ್ಕಿಲ್ಲ. ನಾನಾಗಿ ಹೇಳಲು ಹೋಗಲಿಲ್ಲ.

ಮೇ 14, ಬುಧವಾರ

ಮೊಣಕಾಲಿಗಾಗಿ ಎರಡು ದಿನ ಇಲ್ಲೇ. ಇದು ನಿಜವಾದ ಬೈಕ್ ಸವಾರರ ಮನೆ, ಹೊರಗೆ ಫಲಕವೇ ಇಲ್ಲ. ಮನೆಯವನು ಹಿಂದೆ ಪೈಪ್ ಕೆಲಸ ಮಾಡುತ್ತಿದ್ದವನು. ಬಾಯ್ಲರ್ ಇರುವ ಕೋಣೆಯಲ್ಲಿ ಒದ್ದೆ ಜಾಕೆಟ್‌ಗಳಿಗೆ ಸಾಲಾಗಿ ಕೊಕ್ಕೆ, ಬೂಟಿನೊಳಗೆ ತೂರಿಸಲು ಬಿಸಿಗಾಳಿಯ ಕೊಳವೆ, ಅಂಗಳದಲ್ಲಿ ಕೆಸರು ತೊಳೆಯಲು ನಲ್ಲಿ, ಶೆಡ್ಡಿನ ಗೋಡೆಗೆ ಪಾನಾ ಸ್ಕ್ರೂಡ್ರೈವರುಗಳ ಸಾಲು. ಅತ್ತೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು, ಮದುವೆಮನೆಯಲ್ಲಿ ಸೀರೆ ನೋಡುವ ಹಾಗೆ. ಅವನೂ ಅತ್ತೆಯೂ ಭಾಷೆಯೇ ಇಲ್ಲದೆ ಚೈನಿನ ಬಗ್ಗೆ ಅರ್ಧ ದಿನ ಮಾತಾಡಿದರು. ನನ್ನೊಂದಿಗೆ ಭಾಷೆ ಇದ್ದೂ ಇಷ್ಟು ಮಾತಿಲ್ಲ.

ಅತ್ತೆಗೆ ಎಡಗೈ ಎತ್ತಿ ಜಾಕೆಟ್ ಕೊಕ್ಕೆಗೆ ಹಾಕಲು ಆಗುವುದಿಲ್ಲ. ಬಲಗೈಯಲ್ಲಿ ಎಸೆದು ಸಿಕ್ಕಿಸುತ್ತಾರೆ. ನನ್ನ ಮೊಣಕಾಲಿನ ಮುಲಾಮು ಬೇಗ ಬೇಗ ಖಾಲಿಯಾಗುತ್ತಿದೆ. ಯಾರು ತೆಗೆಯುತ್ತಾರೆ ಎಂದು ಕೇಳಲಿಲ್ಲ. ಮೇಜಿನ ಮೇಲೆಯೇ ಮುಚ್ಚಳ ಸಡಿಲಿಸಿ ಇಟ್ಟಿದ್ದೇನೆ.

ಮುಂದಿನ ಮನೆಗೆ ನಾನೇ ನನ್ನ ಇಂಗ್ಲಿಷಿನಲ್ಲಿ ಫೋನು ಮಾಡಿದೆ. ಅಂಗಳ ಮಟ್ಟವಾಗಿದೆಯೇ, ಜಲ್ಲಿಯೇ ಸಿಮೆಂಟೇ, ಗೇಟಿನೊಳಗೆ ಗಾಡಿ ಪೂರ್ತಿ ತಿರುಗುತ್ತದೆಯೇ ಎಂದು ಕೇಳಿದೆ. ಆ ಕಡೆಯವನು, ನೀವು ಮನೆ ಬಾಡಿಗೆಗೆ ತಗೊಳ್ತೀರಾ ಕೊಂಡುಕೊಳ್ತೀರಾ ಎಂದು ಹಾಸ್ಯ ಮಾಡಿದ. ಕೇಳಿದ್ದಕ್ಕೆ ಉತ್ತರ ಕೊಡಿ ಎಂದು ಗದರಿಸಿದೆ. ಕೌಂಟರಿನ ಆಚೆ ಬದಿ ನಿಂತು ಗದರುವುದು ಇಷ್ಟು ಹಿತ ಎಂದು ತಿಳಿದಿರಲಿಲ್ಲ. ಕೇಳಿದ್ದು ನನ್ನ ಮೊಣಕಾಲಿಗಾಗಿ.

ಮೇ 17, ಶನಿವಾರ

ಮೈ ಇನ್ನೂ ಉರಿಯುತ್ತಿದೆ.

ದೊಡ್ಡ ಫಲಕದ ಮನೆ. ಬೈಕಿನ ಚಿತ್ರ ಆಳೆತ್ತರ. ಬಿಸಿನೀರಿನ ತೊಟ್ಟಿ, ಮೆತ್ತನೆ ಚಪ್ಪಲಿ, ಸೂಪಿನ ಘಮ ಗೇಟಿನವರೆಗೂ. ಮನೆಯವನು ಬಂದು ನನ್ನನ್ನು ಮಾತಾಡಿಸಿದ. ಅತ್ತೆ ಹೆಲ್ಮೆಟ್ ತೆಗೆದದ್ದೇ ತಡ, ಅವನ ಮುಖದಲ್ಲಿ ನಗು ಬಂತು. ಅಜ್ಜಿ ನಿಮ್ಮ ಹಿಂದೆ ಕೂತು ಬಂದರಾ ಎಂದು ಕೇಳಿದ. ಅವರ ಗಾಡಿ ಅವರ ಕೈಯಲ್ಲೇ ಇದೆ, ಕಣ್ಣಿಲ್ಲವೇ! ಎರಡನೇ ಗಾಡಿ ಅವರದು ಎಂದೆ. ಈ ವಯಸ್ಸಿನಲ್ಲಿ ಯಾರು ಇವರನ್ನು ಬಿಟ್ಟರು ಎಂದ. ಬಿಟ್ಟರು! ಕಟ್ಟಿಹಾಕಿದ್ದನ್ನು ಯಾರೋ ಬಿಚ್ಚಿ ಬಿಟ್ಟ ಹಾಗೆ.

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಬಿಡುವುದು ಬೇಡ, ಅವರೇ ಹೊರಟದ್ದು. ಮೂವತ್ತು ವರ್ಷ ಕಲಿಸಿದವರು. ಇವತ್ತು ಮಂಜಿನಲ್ಲಿ ಮುಂದೆ ಓಡಿಸಿ ನನಗೆ ದಾರಿ ತೋರಿಸುತ್ತ ಕಣಿವೆ ದಾಟಿಸಿದವರು. ನೀನು ಚಿತ್ರ ಬರೆಸಿದ್ದೀಯ, ಎಂದಾದರೂ ಹತ್ತಿದ್ದೀಯ? ಅರ್ಧ ನಮ್ಮ ಭಾಷೆಯಲ್ಲೇ ಅಂದೆ. ಅರ್ಥವಾಗಿರಬೇಕು, ಎರಡು ಹೆಜ್ಜೆ ಹಿಂದೆ ಸರಿದ. ಗಾಡಿ ತಿರುಗಿಸಿ ಹೊರಟೆ.

ಊರು ದಾಟಿದ ಮೇಲೆ ಅತ್ತೆ ಕೈ ಮಾಡಿ ನಿಲ್ಲಿಸಿದರು. ಎರಡು ಒಳ್ಳೆಯ ಮಾತು ಬರಬಹುದು ಎಂದುಕೊಂಡಿದ್ದೆ ಎಂದು ಬರೆಯಲು ನಾಚಿಕೆ. "ನಿನ್ನ ಕೋಪಕ್ಕೆ ಎಂಥಾ ಶೆಡ್ ಹೋಯ್ತು ನೋಡು" ಎಂದರು. ಅವನು ಏನೋ ಅಂದ, ಅಂದವನ ಬಾಯಿ ಅವನದು, ಶೆಡ್ಡಿಗೆ ಜಾರುವ ಬಾಗಿಲಿತ್ತು, ಒಳಗೆ ದೀಪವಿತ್ತು. ನಾನು ಯಾರ ಪರವಾಗಿ ಕೂಗಾಡಿದೆ ಎಂದು ಕೇಳಿದೆ. ನಾನು ಕೂಗಾಡು ಅಂದೆನಾ ಎಂದರು.

ಈಗ ಇರುವ ಕೋಣೆಯಲ್ಲಿ ಬಿಸಿನೀರಿಲ್ಲ. ಹೆಸರು ಕ್ಷೀರಸಾಗರ ಎಂಬಂಥ ಮನೆ, ಮಜ್ಜಿಗೆ ನೀರಿಗೂ ಗತಿಯಿಲ್ಲ. ಅಂಗಳ ಮಾತ್ರ ಮಟ್ಟವಾಗಿದೆ. ಗಾಡಿಗಳ ಮೂತಿ ಗೇಟಿನ ಕಡೆ.

ಮೇ 18, ಭಾನುವಾರ

ಅತ್ತೆ ಬಾಣಲೆಯಲ್ಲಿ ನೀರು ಕಾಯಿಸಿ ಮೊದಲು ನನಗೆ ಕೊಟ್ಟರು. ಮೊಣಕಾಲಿಗೆ ಎಂದರು. ಅವರ ಭುಜಕ್ಕೆ ಉಳಿಯಲಿಲ್ಲ. ಹಾಗಾದರೆ ಮೊದಲು ನಿಮಗೇ ಬೇಕಿತ್ತು ಎಂದು ಅದಕ್ಕೂ ಜಗಳವಾಡಿದೆ.

ಮೇ 20, ಮಂಗಳವಾರ

ಮಹಾಶಯರು ಗಿರಾಕಿ ಹುಡುಕಿದ್ದಾರೆ. ಆಫೀಸಿನವನ ಮೈದುನನಂತೆ. ನಾವು ಮನೆ ಸೇರಿದ ಮರುದಿನ, ಜೂನ್ ಒಂದನೇ ತಾರೀಖು ಭಾನುವಾರ, ಗಾಡಿ ನೋಡಲು ಬರುತ್ತಾನಂತೆ. ಅಮ್ಮನಿಗೆ ಈಗಲೇ ಹೇಳಬೇಡ, ಅವನು ಬಂದ ಮೇಲೆ ನಿಧಾನವಾಗಿ ಹೇಳೋಣ ಎಂದರು. ನಿಧಾನವಾಗಿ! ಗಾಡಿ ಗೇಟು ದಾಟುವಾಗ ಹೇಳುತ್ತಾರೇನೋ.

ಮಾರಬೇಡಿ ಎಂದೆ. ನೀನೇ ತಾನೇ ಬಿತ್ತು, ಎತ್ತಲಾಗಲಿಲ್ಲ, ಊರವರು ಬಂದರು ಅಂದದ್ದು ಎಂದರು. ಒಂದಕ್ಷರ ಮರೆತಿಲ್ಲ. ಮದುವೆಯ ದಿನ ಮರೆಯುವ ಮನುಷ್ಯ. ಬಿತ್ತು ನಿಜ, ನಾನು ಜಲ್ಲಿಯ ಮನೆಗೆ ನುಗ್ಗಿಸಿದ್ದರಿಂದ ಬಿತ್ತು ಎಂದೆ. ಆಗ ಹಾಗೆ ಹೇಳಲಿಲ್ಲವಲ್ಲ ಎಂದರು. ಹೇಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ನನ್ನ ಅಜ್ಜಿ ಇದನ್ನು ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದಳು.

ಅವರಿಗೆ ಅರ್ಥ ಮಾಡಿಸಲು ನೋಡಿದೆ. ರಸ್ತೆಯ ಮೇಲೆ ನಿಮ್ಮ ಅಮ್ಮನ ಹಿಂದೆ ಹೋಗುವುದೆಂದರೆ ಕಣ್ಣು ಮುಚ್ಚಿ ಹೋಗಬಹುದು. ತಿರುವು ಅವರಿಗೆ ಮೊದಲೇ ಗೊತ್ತಿರುವ ಹಾಗೆ ಹೋಗುತ್ತಾರೆ. ಕಷ್ಟ ಇರುವುದು ನಿಂತಾಗ. ಅಂಗಳದಲ್ಲಿ ಹಿಂದಕ್ಕೆ ಎಳೆಯುವಾಗ, ಏರಿನಲ್ಲಿ ಕಾಲೂರುವಾಗ. ಅದಕ್ಕೆ ಮಟ್ಟದ ನೆಲ ಬೇಕು, ಒಬ್ಬ ಮನುಷ್ಯ ಬೇಕು. ಅದಕ್ಕೆ ಅವರು ಹೇಳಿದ್ದು: "ಆ ಮನುಷ್ಯ ಯಾರು? ನಾಳೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರದ್ದು, ನಿಂದಾ?"

"ಹೌದು ರೀ, ನಂದೇ" ಎಂದೆ.

ಬಾಯಿ ತಪ್ಪಿ ಬಂತೋ ಏನೋ. ಯಾರು ನನ್ನನ್ನು ಕೇಳಿದರು? ಹದಿನೈದು ದಿನದ ಹಿಂದೆ ಆ ಗಾಡಿಯ ಜಾಗದ ಮೇಲೆ ಕಣ್ಣಿಟ್ಟವಳು ನಾನು. ಅವರು, ಇನ್ನೆರಡು ದಿನ ಯೋಚಿಸಿ ಒಂದೇ ಮಾತಿನಲ್ಲಿ ಹೇಳು, ಅವನಿಗೆ ಉತ್ತರ ಕೊಡಬೇಕು ಎಂದು ಫೋನು ಇಟ್ಟರು.

ಮೇ 21, ಬುಧವಾರ

ಇವತ್ತಿನದನ್ನು ಹೇಗೆ ಬರೆಯುವುದೋ ತಿಳಿಯದು. ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಅಂಗಳದಲ್ಲಿ ಅತ್ತೆ ಚೈನಿಗೆ ಎಣ್ಣೆ ಹಾಕುತ್ತಿದ್ದರು. ನಾನು ಹಿಂದಿನ ಚಕ್ರ ತಿರುಗಿಸಿ ಕೊಡುತ್ತಿದ್ದೆ. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅಡುಗೆಮನೆಯ ಮಾತು, ದಿನಾ ವರದಿ, ಜಲ್ಲಿಯ ಸುದ್ದಿಗೆ ನಾನು ಹಾಕಿದ ಒಗ್ಗರಣೆ, ಭಾನುವಾರ ಬರುವ ಗಿರಾಕಿ. ಹೇಳುತ್ತ ಹೇಳುತ್ತ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು.

ಅತ್ತೆ ಎಣ್ಣೆ ಹಾಕುವುದು ನಿಲ್ಲಿಸಲಿಲ್ಲ. ಗೊತ್ತು ಎಂದರು. ಜಲ್ಲಿಯಲ್ಲಿ ಬಿದ್ದ ಮರುದಿನವೇ ಮಗ ಫೋನು ಮಾಡಿ, ಜಲ್ಲಿಯ ಮೇಲೆ ಹುಷಾರು ಅಮ್ಮ ಎಂದಿದ್ದನಂತೆ. ಜಲ್ಲಿಯ ವಿಷಯ ಅವನಿಗೆ ಕಾಗೆ ಬಂದು ಹೇಳಿತೇ?

"ನನಗೂ ಹೇಳಿ ಕಳಿಸಿದ್ದ" ಎಂದರು ಆಮೇಲೆ.

ಏನು ಎಂದೆ.

"ಅದೇ ಅಡುಗೆಮನೇಲಿ. ಅವಳು ಹೊಸಬಳು, ಕೋಪ ಜಾಸ್ತಿ, ರಸ್ತೇಲಿ ಹೇಗಿದ್ದಾಳೆ ನೋಡು ಅಮ್ಮ. ಸರಿಯಿಲ್ಲ ಅಂದ್ರೆ ಅವಳ ಗಾಡಿ ಮಾರಿಬಿಡ್ತೀನಿ ಅಂದ."

ಚಕ್ರ ಹಿಡಿದವಳು ಹಾಗೇ ನಿಂತೆ. ನನ್ನ ಗಾಡಿ. ನನ್ನ ಸಂಬಳದ ಗಾಡಿ. ಅದರ ಕಾಗದವೂ ಅವರ ಹೆಸರಿನಲ್ಲೇ ಇದೆ, ಏನೋ ತೆರಿಗೆಗೆ ಸುಲಭ ಎಂದಿದ್ದರು. ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರನ್ನು ಕಾವಲು ಬಿಟ್ಟು, ಹತ್ತಿರವಾಗಿ ಎಂದು ಹರಸಿ, ಆ ಮನುಷ್ಯ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ. ಕೂಗಬೇಕೆನಿಸಿತು. ಕೂಗಲಿಲ್ಲ, ಇನ್ನೊಂದು ಮಾತು ಕೇಳುವುದಿತ್ತು.

ನೀವು ಏನು ಹೇಳಿದಿರಿ ಎಂದು ಕೇಳಿದೆ.

"ಚೆನ್ನಾಗಿ ಓಡಿಸ್ತಾಳೆ ಅಂದೆ. ಬಾಯಿಗೆ ಮಾತ್ರ ಬ್ರೇಕ್ ಇಲ್ಲ ಅಂದೆ."

"ನಾನು ಬಿದ್ದದ್ದು?"

ಅತ್ತೆ ಬಟ್ಟೆಯಲ್ಲಿ ಕೈ ಒರೆಸಿ ಎದ್ದು ನಿಂತರು. ಏಳುವಾಗ ನನ್ನ ಹೆಗಲು ಹಿಡಿದರು. "ಬಿದ್ದೋರು ಕಲೀತಾರೆ. ಮೂವತ್ತು ವರ್ಷ ಕಲಿಸಿದ್ದೀನಿ, ಎಷ್ಟೋ ಜನ ಬಿದ್ದಿದ್ದಾರೆ. ಯಾರು ಬಿದ್ದದ್ದನ್ನೂ ಅವಳ ಗಂಡನಿಗೆ ಹೇಳಿಲ್ಲ. ಒಂದ್ಸಲ ಹೇಳಿದ್ರೆ ಮರುದಿನ ಅವಳು ಕ್ಲಾಸಿಗೆ ಬರಲ್ಲ."

ಹದಿನೇಳು ದಿನ ಯಾರ್ಯಾರನ್ನೋ ಬೈದು ಬರೆದಿದ್ದೇನೆ ಇದರಲ್ಲಿ. ಇವತ್ತು ಬೈಯಬೇಕಾದವಳಿಗೆ ಏನು ಬೈಯುವುದೋ ತಿಳಿಯುತ್ತಿಲ್ಲ. ಅತ್ತೆ ನನ್ನ ಮುಖ ನೋಡಿ, ಚಕ್ರ ತಿರುಗಿಸು, ಇನ್ನೂ ಅರ್ಧ ಚೈನು ಉಳಿದಿದೆ ಎಂದರು.

ಭುಜ ನೋವಾ ಎಂದು ಕೊನೆಗೂ ಕೇಳಿದೆ. ನಿಂತಾಗ ಹೌದು, ಓಡುವಾಗ ಇಲ್ಲ ಎಂದರು. ಎಷ್ಟು ದಿನದಿಂದ ಎಂದು ಕೇಳಿದರೆ, ಶೆಡ್ಡು ನೋಡಲು ಶುರು ಮಾಡಿದಾಗಿನಿಂದ ಎಂದರು.

ಮೇ 22, ಗುರುವಾರ

ಮಧ್ಯಾಹ್ನ ಇವತ್ತಿನ ಮನೆ ಸೇರಿದೆವು. ಮನೆಯವಳು ಅಂಗಳದಲ್ಲೇ ಮೇಜು ಹಾಕಿ ಊಟ ಕೊಟ್ಟಳು. ಬೆಳಿಗ್ಗೆಯಿಂದ ನನಗೆ ಯಾರ ಮೇಲೆ ಕೋಪವಿದೆ ಎಂದು ಸ್ಪಷ್ಟವಿತ್ತು, ಎಷ್ಟೋ ದಿನದ ಮೇಲೆ. ಹಾಗಾಗಿ ಊಟ ರುಚಿಸಿತು.

ತಟ್ಟೆ ತೆಗೆಯುವ ಹೊತ್ತಿಗೆ ಫೋನು ಬಂತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅತ್ತೆ ಎದುರಿಗೆ ನೀರು ಕುಡಿಯುತ್ತಿದ್ದರು.

ಯೋಚಿಸಿದೆಯಾ ಎಂದರು ಮಹಾಶಯರು. ಗಿರಾಕಿ ಕಾಯುತ್ತಿದ್ದಾನಂತೆ. ಹೇಳಬೇಕೆಂದುಕೊಂಡದ್ದು ಬಹಳ ಇತ್ತು: ಎರಡು ಅಡುಗೆಮನೆ ಮಾತಿನ ಬಗ್ಗೆ, ಎರಡು ಗಾಡಿಯ ಕಾಗದದ ಬಗ್ಗೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅಭ್ಯಾಸ ಮಾಡಿದ್ದೆ.

"ಒಂದೇ ಮಾತಲ್ಲಿ ಹೇಳು" ಎಂದರು. "ಅಮ್ಮ ಗಾಡಿ ಓಡಿಸಬಹುದಾ, ಇಲ್ವಾ?"

"ಅಮ್ಮ ಇಲ್ಲೇ ಕೂತಿದ್ದಾರೆ" ಎಂದೆ. "ಅವರನ್ನೇ ಕೇಳಿ."

ಆ ಕಡೆ ಸದ್ದೇ ಇಲ್ಲ. ಕರೆ ಕಡಿದುಹೋಯಿತೇ ಎಂದು ನೋಡಿದೆ, ಇತ್ತು. ಅತ್ತೆ ಲೋಟ ಕೆಳಗಿಟ್ಟು ಫೋನಿನ ಕಡೆ ನೋಡುತ್ತಿದ್ದರು. ಕೇಳಲಿ ಎಂದು ಕಾಯುತ್ತಿದ್ದರು. ಇಷ್ಟು ದಿನ ಅವರು ಕಾದದ್ದು ಇದೊಂದಕ್ಕೇ ಎಂದು ನನಗೆ ಅವರ ಮುಖ ನೋಡಿದಾಗ ತಿಳಿಯಿತು. ಮಗ ಕೇಳಿದ್ದರೆ ಬಹುಶಃ ಭುಜದ ವಿಷಯ ಅವರೇ ಹೇಳುತ್ತಿದ್ದರು.

ಮಹಾಶಯರು ಗಂಟಲು ಸರಿಮಾಡಿಕೊಂಡರು.

"ಅಮ್ಮಾ... ಊಟ ಆಯ್ತಾ?"

"ಆಯ್ತಪ್ಪ" ಎಂದರು ಅತ್ತೆ. ಫೋನನ್ನು ತಮ್ಮ ಕಡೆ ಎಳೆದುಕೊಂಡರು. "ಭಾನುವಾರ ಬರೋನಿಗೆ ಬರ್ಬೇಡ ಅಂತ ಹೇಳಿಬಿಡು. ಗಾಡಿ ಬಿಡೋ ದಿನ ಬಂದ್ರೆ ನಾನೇ ನಿನಗೆ ಹೇಳ್ತೀನಿ, ಅವಳನ್ನ ಕೇಳ್ಬೇಡ. ಅವಳ ವಿಷಯ ನನ್ನನ್ನೂ ಕೇಳ್ಬೇಡ." ಕೊನೆಗೆ ಮಗನ ಮೇಲೆ ಕನಿಕರ ಬಂದವರಂತೆ ಕೇಳಿದರು. "ನಿಂದಾಯ್ತಾ ಊಟ?"

ಆಯ್ತಮ್ಮ, ಈಗ ತಾನೇ ಆಯಿತು ಎಂದು ಅವಸರದಲ್ಲಿ ಹೇಳಿ ಫೋನು ಇಟ್ಟರು. ಊರಿನಲ್ಲಿ ಆಗಿನ್ನೂ ಬೆಳಿಗ್ಗೆ ಹನ್ನೊಂದು ಗಂಟೆ.